ಕರಗಿದ್ದು ಹದಿಮೂರು

ಇಸವಿ ಎಂಬತ್ತಾರು ಅಂತಾರೆ ಕೆಲವರು,
ಕವರಿನ ಮೇಲೆ ಎಂಬತ್ತೇಳು ಉಂಟು.
ಎರಡೂ ಸರಿ ಮಾರಾಯರೇ,
ಹಾಡಿದ್ದು ಡಿಸೆಂಬರಿನಲ್ಲಿ, ಅಂಗಡಿಗೆ ಬಂದದ್ದು ಬಿಸುವಿಗೆ.

ಮಂಜೇಶ್ವರ, ಹೊಸಬೆಟ್ಟು ಕಡಪ್ಪುರದ ಐಸ್ ಪ್ಲಾಂಟಿನಲ್ಲಿ
ನಾನು ಕಂಪ್ರೆಸರ್ ನೋಡಿಕೊಳ್ಳುವವ.
ಊರಲ್ಲಿ ಸ್ಟುಡಿಯೋ ಎಲ್ಲಿಂದ?
ಮಂಗಳೂರಿನದಕ್ಕೆ ಗಂಟೆಗೆ ಇನ್ನೂರು.
ನಮ್ಮ ಗಡ್ಡೆ ಕೋಣೆಯ ಗೋಡೆಗಾದರೆ ಗೇಣುದಪ್ಪ ಥರ್ಮಾಕೋಲು:
ಬಾಗಿಲು ಹಾಕಿದರೆ ಕಡಲೇ ಇಲ್ಲ,
ನೂರು ಮಾರು ಆಚೆಯ ಕಡಲು.

ಟೇಪು ರೆಕಾರ್ಡರು ಹಾಜಿಯವರದು, ಷರತ್ತೂ ಅವರದೇ:
"ಮೆಷಿನು ನಲವತ್ತು ನಿಮಿಷ ನಿಲ್ಲಲಿ. ನಲವತ್ತೊಂದು ಬೇಡ.
ಬೋಟು ಬರುವ ಹೊತ್ತು."
ವಾಚು ಕಟ್ಟಿದ್ದವ ನಾನೊಬ್ಬ.
ಗುಂಡಿ ಒತ್ತಿದವನೂ.

ಹಾರ್ಮೋನಿಯಂ ಹೊತ್ತ ವಾಮನ ಮಾಸ್ಟ್ರು,
ಬುಲ್‌ಬುಲ್‌ ತರಂಗದ ಇಬ್ರಾಯಿ,
ಇಗರ್ಜಿಯ ಗಿಟಾರು ಕೇಳಿ ತಂದ ಸಲ್ದಾನ, ತಬಲದ ಒಂದು ಹುಡುಗ,
ಟೈಲರಂಗಡಿಗೆ ಅರ್ಧ ದಿನ ರಜೆ ಹೇಳಿ ಬಂದ ಲವೀನಾ ಮೊಂತೇರೊ,
ಕತ್ತಿನಲ್ಲಿ ಅಳತೆಯ ಟೇಪು ಹಾಗೇ.

ಹಾಡು, 'ಉಪ್ಪು ಹತ್ತಿದ ಕಾಗದ'.

ಮೊದಲ ಸಲ ತಬಲ ಥಂಡಿಗೆ ಸೊರಗಿ ಶ್ರುತಿ ಬಿಟ್ಟಿತು.
ಎರಡನೆಯ ಸಲ ಲವೀನಾಳ ಹಲ್ಲು ಕಟಕಟ.
ಮೂರನೆಯದಕ್ಕೆ ನನ್ನ ಗೋಣಿಚೀಲ ಹೊದ್ದು ನಿಂತಳು,
ಅಕ್ಷರಕ್ಕೊಂದು ಹೊಗೆ ಬಾಯಿಂದ.
ವಿರಹದ ನಡುಕ ಅಂತ ಆಮೇಲೆ ಎಷ್ಟು ಜನ ಹೊಗಳಿದರು!
ನಡುಕ ಹೌದು.

ಅಷ್ಟರಲ್ಲಿ ನಲವತ್ತು ಆಗಿ ಆರು ದಾಟಿತ್ತು.
ವಾಚು ಬಿಚ್ಚಿ ಕಿಸೆಗೆ ಹಾಕಿದೆ.
ಎರಡನೆಯ ಚರಣ ಮುಗಿದು ಎಲ್ಲರೂ ಕೈ ಎತ್ತಿದ ಆ ಒಂದು ಗಳಿಗೆ
ಮಾಡಿನಿಂದ ಒಂದು ಹನಿ.
ಟಿಕ್.

ಐನೂರು ಕ್ಯಾಸೆಟ್ಟು. ಬಿ ಬದಿ, ಕೊನೆಯ ಹಾಡು.
ಲವೀನಾ ಅಂತ ಬರೆದುಕೊಟ್ಟರೆ ಲಲಿತಾ ಅಂತ ಅಚ್ಚಾಗಿ ಬಂತು.
ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಅರುವತ್ತು ಹೋಯಿತು,
ಉಳಿದದ್ದರಲ್ಲಿ ಒಂದಿಷ್ಟು
ಹಾಜಿಯವರ ಅಳಿಯನ ಪೆಟ್ಟಿಗೆಯಲ್ಲಿ
ಹಲಸಿನ ಹಪ್ಪಳದ ಕಟ್ಟುಗಳ ಸಂದಿಯಲ್ಲಿ ದುಬೈಗೆ.

ಅಲ್ಲಿ ಕಾಪಿಯ ಕಾಪಿಯಾಗಿ, ಯಾರ ಯಾರ ರೂಮಿನಲ್ಲೋ ಸುತ್ತಿ
ಮೂರು ವರ್ಷ ಕಳೆದು ತಿರುಗಿ ಬಂತು
ಮಲಯಾಳ ಕಲಿತುಕೊಂಡು.
ಕುಂಬಳೆಯ ಮದುವೆಯೊಂದರಲ್ಲಿ ಬಿರಿಯಾನಿಗೆ ಕೂತಿದ್ದೆ, ಮೈಕಿನಲ್ಲಿ ಅದೇ ರಾಗ.
ಬೇರೆ ಹುಡುಗಿ, ಬೇರೆ ಕಾಗದ, ಬಿಸಿ ದನಿ.
ಎರಡನೆಯ ಚರಣ ಮುಗಿಯಿತು. ತುತ್ತು ಕೈಯಲ್ಲೇ ನಿಂತಿತು.
ಟಕ್.
ಯಾವನೋ ಪುಣ್ಯಾತ್ಮ ಆ ಹನಿಯ ಜಾಗಕ್ಕೆ ಲೆಕ್ಕವಾಗಿ
ಮರದ ತುಂಡೊಂದು ಕುಟ್ಟಿದ್ದ.

ಮೊನ್ನೆ ಫೋನು. ಕೊಚ್ಚಿಯ ಕಂಪೆನಿ, ಮರ್ಯಾದೆಯ ಹುಡುಗ.
ಹಳೆಯದನ್ನು ತೊಳೆದು ಹೊಸತು ಮಾಡಿ ಬಿಡುತ್ತಾರಂತೆ.
"ಎರಡು ನಿಮಿಷ ಹದಿನಾರು ಸೆಕೆಂಡಿನಲ್ಲಿ ಒಂದು ಗಲೀಜು ಇತ್ತು ಚೇಟ,
ತೆಗೆದಾಯ್ತು.
ರೆಕಾರ್ಡಿಂಗಿನ ತಾರೀಕಿಗೆ ಏನಾದರೂ ದಾಖಲೆ ಇದೆಯಾ?"

ಉಂಟು.
ಪ್ಲಾಂಟು ಮುಚ್ಚಿದ ದಿನ ಮನೆಗೆ ತಂದ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ.
ಹಾಜಿಯವರ ಮಲಯಾಳ ಕೈಬರಹ, ಅಡಿಯಲ್ಲಿ ಕನ್ನಡದಲ್ಲಿ ನನ್ನ ರುಜು:
ಡಿಸೆಂಬರ್ ಹನ್ನೊಂದು, ಗುರುವಾರ.
ಕರಗಿದ್ದು ಹದಿಮೂರು ಗಡ್ಡೆ.
ತನಿಯಪ್ಪನ ಸಂಬಳದಿಂದ ಕಳೆಯುವುದು.

ಪುಟದ ಫೋಟೋ ಕಳಿಸಿದ್ದೇನೆ ಮಗಾ.
ತಾರೀಕು ಹಾಕಿಕೊ, ಲವೀನಾಳ ಹೆಸರು ಸರಿ ಮಾಡು,
ಆ ಹನಿ ಇದ್ದಲ್ಲಿಗೆ ಇಡು.
ಅದಕ್ಕೆ ನಾನು ದುಡ್ಡು ಕೊಟ್ಟಾಗಿದೆ.