ಐದು ಮಿಲಿಮೀಟರಿನ ಗುಂಡು

ಒಜುರ್ಗೆತಿಯ ಆಸ್ಪತ್ರೆ, ನೆಲಮಾಳಿಗೆಯ ಕೋಣೆ.
ಬಾಬುತ್ಸಾ ಕಲಂದಾಜೆಯ ಬೋಳು ವಸಡಿನ ಮೇಲೆ
ಮೇಣದ ಚೂರು ಒತ್ತಿ
ಉಕ್ಕಿನ ಗುಂಡೊಂದನ್ನು ಕೂರಿಸುತ್ತೇನೆ.
ಐದು ಮಿಲಿಮೀಟರು. ಸರಿಯಾಗಿ ಐದು.
ಇಲ್ಲಿ ನನಗೆ ಖಾತ್ರಿ ಇರುವುದು ಅದೊಂದೇ.

"ನುಂಗಿಬಿಟ್ಟರೆ?"
ಗುಂಡು ಅಲುಗದಂತೆ, ತುಟಿಯಂಚಿನಿಂದ ಕೇಳುತ್ತಾಳೆ.
ನುಂಗಬೇಡಿ ಅಜ್ಜಿ. ಗದ್ದ ಇಲ್ಲಿ. ಇನ್ನು ಮಾತು ಬೇಡ.
ಯಂತ್ರ ಹೊರಡುತ್ತದೆ,
ಒಂದು ಕಿವಿಯಿಂದ ಇನ್ನೊಂದು ಕಿವಿಗೆ
ಅರ್ಧ ಪ್ರದಕ್ಷಿಣೆ ಹಾಕಿ
ಏನೋ ಮರೆತಂತೆ ನಿಂತುಬಿಡುತ್ತದೆ.

ಲಾಳದಂತೆ ಬಾಗಿದ್ದ ದವಡೆ
ಪರದೆಯ ಮೇಲೆ ಚಾಪೆಯ ಹಾಗೆ ಹಾಸಿಕೊಳ್ಳುತ್ತದೆ.
ಗುಂಡು ಈಗ ಆರೂಕಾಲು.
ಎಲುಬಿನ ಎತ್ತರ ಹತ್ತು, ಎನ್ನುತ್ತದೆ ಗೆರೆ.
ಎಂಟು, ಎನ್ನುತ್ತದೆ ಗುಂಡು.
ಎಂಟರ ತಳದಲ್ಲಿ, ಕೊಳವೆಯೊಳಗೆ, ನರ:
ಬೇರು ಮೇಲೆ ಬಂದದ್ದಲ್ಲ,
ಮೇಲಿನ ಮಣ್ಣು ಕೊಚ್ಚಿಹೋದದ್ದು.
ಅದಕ್ಕೆ ಎರಡು ಬಿಡಬೇಕು.
ಉಳಿದ ಆರರಲ್ಲಿ ತಿರುಪು ನಿಲ್ಲುವುದು ಕಷ್ಟ.

ಇಷ್ಟನ್ನೂ ಹೇಳಿದೆ. ಅವಳಿಗೆ ನಗು ಬಂತು.
"ಚಹಾ ಎಲೆ ತೂಗುವ ಕಟ್ಟೆಯಲ್ಲಿ
ಹತ್ತೊಂಬತ್ತು ವರ್ಷ ಕೂತವಳು ನಾನು.
ನಮ್ಮ ತಕ್ಕಡಿಯೂ ಹೀಗೇ,
ನಾಲ್ಕು ಕಿಲೋ ಇಟ್ಟರೆ ಐದು ಅನ್ನುತ್ತಿತ್ತು.
ಕೀಳುವವರಿಗೂ ಗೊತ್ತು, ಲಾರಿಯವನಿಗೂ ಗೊತ್ತು.
ಬರೆಯುವಾಗ ಐದರಲ್ಲೊಂದು ಕಳೆಯುತ್ತಿದ್ದೆ.
ಎಷ್ಟು ಅಂತ ಗೊತ್ತಿದ್ದರೆ
ಅದು ಸುಳ್ಳಲ್ಲ ಕಣೋ, ಲೆಕ್ಕ."

ಹೌದು ಅಜ್ಜಿ.
ಆದರೆ ಮುಂಭಾಗದ ಮಾತು ನಾನು ಎತ್ತಲಿಲ್ಲ.
ಅಲ್ಲಿ, ಗದ್ದದ ನಡುವೆ,
ಅವಳದೇ ಕತ್ತಿನ ಮೂಳೆ ಬೆಳ್ಳಗೆ ನೆರಳು ಚೆಲ್ಲಿ ನಿಂತಿತ್ತು.
ಒಂದಿಷ್ಟು ಮುಂದೆ ಕೂತಿದ್ದರೆ ಎಲ್ಲ ಕಿರಿದು,
ಹಿಂದೆ ಸರಿದಿದ್ದರೆ ಅಗಲ,
ಅವಳು ಎಲ್ಲಿ ಕೂತಿದ್ದಳೋ! ನಗು ತಡೆಯುತ್ತಿದ್ದಳೋ ಏನೋ.
ಎಷ್ಟು ಕಳೆಯಬೇಕೆಂದು ಹೇಳುವ ಗುಂಡು
ಅಲ್ಲಿ ಇಟ್ಟಿರಲಿಲ್ಲ.
ಇನ್ನು ದಪ್ಪ: ಅಲಗಿನಷ್ಟು ತೆಳುವೋ, ಹಲಗೆಯಷ್ಟೋ,
ಚಪ್ಪಟೆ ಚಿತ್ರ ಅದನ್ನು ಬಾಯಿಬಿಡುವುದಿಲ್ಲ.
ಬತೂಮಿಯಲ್ಲಿ ದೊಡ್ಡ ಯಂತ್ರವಿದೆ ಎಂದೆ.
ಬಸ್ಸಿನ ದುಡ್ಡು ಕೇಳಿದಳು, ಯಂತ್ರದ್ದು ಕೇಳಲಿಲ್ಲ.

ಎದ್ದಳು. ಬಾಯೊಳಗೆ ಬೆರಳಿಟ್ಟು
ತಾನೇ ಗುಂಡನ್ನು ಕಿತ್ತಳು,
ಮೇಣ ಉಜ್ಜಿ ಅಂಗೈಯಲ್ಲಿ ಉರುಳಿಸಿ
ಬೆಳಕಿಗೆ ಹಿಡಿದಳು, ಬಹಳ ಹೊತ್ತು,
ಕಲ್ಲು ಬೆರೆಸಿದ ಬುಟ್ಟಿಯನ್ನು ನೋಡುವ ಹಾಗೆ.

"ಇದು ಐದು ಅಂತ ಯಾರು ಹೇಳಿದ್ದು?"

ಡಬ್ಬಿಯ ಮೇಲೆ ಬರೆದಿತ್ತು ಎಂದೆ.

"ಹೂಂ" ಎಂದಳು
ತೂಕದ ಕಟ್ಟೆಯ ಹೆಂಗಸು.