ಒಂದು ಪೂರಾ ನಿಮಿಷ

ಹದಿನೈದು ಸೆಕೆಂಡು ಎಣಿಸಿ
ನಾಲ್ಕರಿಂದ ಗುಣಿಸಬಾರದು, ಪಂಪಾಪತಿ.
ಅದು ಮಗ್ಗಿ ಬಲ್ಲವರ ಸೋಮಾರಿತನ.
ಈ ಮಾತ್ರೆಗೆ ಮುಂಚೆ ಒಂದು ಪೂರಾ ನಿಮಿಷ
ಎಡಮೊಲೆಯ ಕೆಳಗೆ ಸ್ಟೆತಾಸ್ಕೋಪಿಟ್ಟು
ಮೈಯೆಲ್ಲ ಕಿವಿಯೊಂದೇ ಆದಂತೆ ಕೂತು ಎಣಿಸಬೇಕು.
ಅರವತ್ತಕ್ಕೆ ಕಡಿಮೆ ಬಂದರೆ ಕೊಡಬಾರದು.
ಬರೆದುಕೋ.

ಏಪ್ರಿಲ್ ತಿಂಗಳು. ಬಳ್ಳಾರಿ ಗುಡ್ಡ
ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿಯಿಡೀ ನಮ್ಮ ವಾರ್ಡಿನ ಕಿಟಕಿಗೆ ಉಗುಳಿತ್ತು.
ಹನ್ನೊಂದನೇ ಮಂಚದಲ್ಲಿ ಹೊನ್ನೂರಸಾಬ್,
ಕೌಲ್ ಬಜಾರಿನ ಜೀನ್ಸ್ ಹೊಲಿಯುವವನು,
ಮೂವತ್ತು ವರ್ಷ ಮಂದಿಯ ತೊಡೆಗಳಿಗೆ
ಎರಡೆಳೆ ಹಳದಿ ದಾರ ಓಡಿಸಿದವನು.
ತನ್ನ ಎದೆಯ ಕುರಿತು ಅವನ ಮಾತು ಇಷ್ಟೇ:
"ಮಷೀನು ಹೊಲಿಗಿ ಬಿಡಾಕತ್ತೈತ್ರಿ ಸಿಸ್ಟರ್.
ನಾಕು ಹಾಕ್ತೈತಿ, ಒಂದು ಬಿಡ್ತೈತಿ,
ಆಮ್ಯಾಲ ಹುಚ್ಚು ಹಿಡದಂಗ ಓಡ್ತೈತಿ."

ದಾರ ಬಿಗಿಯಾದರ ಏನು ಮಾಡ್ತೀರಿ ಅಂದೆ.
"ಸ್ಕ್ರೂ ಸಡಲ ಮಾಡೂದು.
ಭಾಳ ಸಡಲ ಮಾಡಬಾರದು ಮತ್ತ."
ನನ್ನ ಪುಸ್ತಕ ಇದಕ್ಕೆ ಮೂರು ಪುಟ ತೆಗೆದುಕೊಂಡಿತ್ತು.

ಎದೆ ಹಿಂಡಿದಾಗ ನಾಲಿಗೆಯಡಿ ಇಡುವ ಸಣ್ಣ ಮಾತ್ರೆಗಳನ್ನು
ಕಂದು ಸೀಸೆಯಿಂದ ಸುರಿದು
ಲವಂಗದ ಜೊತೆ ಎಲೆಯಡಿಕೆ ಡಬ್ಬಿಗೆ ಹಾಕಿದ್ದಳು ಮಾಬುನ್ನಿ,
"ಕೈಗೆ ಲಗೂನ ಸಿಗಲಿ ಅಂತ."
ಬೈದೆ. ಬೆಳಕು ತಾಗಿದರೆ, ಸೆಕೆ ತಾಗಿದರೆ
ಸುಣ್ಣದ ಹರಳಾಗಿಬಿಡುವ ಮಾತ್ರೆ ಅದು.
ಹೊಸ ಸೀಸೆ ಕೊಟ್ಟು ಹೇಳಿಕೊಟ್ಟೆ:
ಮೊದಲು ಕೂಡಿಸು, ಆಮೇಲೆ ಇಡು;
ನಿಂತವನ ಬಾಯಿಗೆ ಹಾಕಿದರೆ ನೆಲಕ್ಕೆ ಬೀಳುತ್ತಾನೆ.
ತಲೆ ಸಿಡಿದರೆ ಹೆದರಬೇಡ, ಮಾತ್ರೆ ಬದುಕಿದೆ ಅಂತ ತಿಳಿ.
ಐದು ನಿಮಿಷಕ್ಕೂ ನೋವು ಇಳಿಯದಿದ್ದರೆ
ನೆರೆಮನೆಯವರನ್ನಲ್ಲ, ಆಂಬುಲೆನ್ಸ್ ಕರಿ.
ಮಾಬುನ್ನಿ ಎಲ್ಲಕ್ಕೂ ತಲೆಯಾಡಿಸಿ
ಲವಂಗ ಆರಿಸಿಕೊಂಡಳು.

ಬೆಳಗಿನ ಐದೂವರೆ. ನೀನು ಬಂದು ಹೇಳಿದೆ,
"ಹನ್ನೊಂದಕ್ಕೆ ಅರವತ್ನಾಲ್ಕು ಸಿಸ್ಟರ್, ಆರರ ಮಾತ್ರೆ ಕೊಡ್ಲಾ?"
ಕೊಡು ಎನ್ನಲು ಬಾಯಿ ತೆರೆದಿದ್ದೆ.
(ಇದನ್ನು ಚಾರ್ಟಿನಲ್ಲಿ ಬರೆದಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.)
ಆಗ ಮಂಚದಿಂದ ಹೊನ್ನೂರಸಾಬ್,
ನಿನ್ನ ಕಾಲನ್ನೇ ನೋಡುತ್ತ:
"ಏ ತಮ್ಮಾ, ಈ ಪ್ಯಾಂಟು ಎಲ್ಲಿ ತಗೊಂಡಿ?
ನೀಲಿ ಹಸರಾಗೇತಿ.
ತೊಳಿಯೋ ಯುನಿಟ್ಟಿನ್ಯಾಗ ಕೆಮಿಕಲ್ ತಪ್ಪ್ಯಾರ."

ನೀಲಿಯಾಗಿಯೇ ಇತ್ತು ನಿನ್ನ ಪ್ಯಾಂಟು.

"ಬಲ್ಬಿಗೆ ಯಾರಿಗೂ ಅರಿಶಿಣ ಹಚ್ಯಾರೇನ್ರಿ?"
ರಾತ್ರಿ ರೊಟ್ಟಿ ಮುಟ್ಟಿರಲಿಲ್ಲವೆಂದಳು ಮಾಬುನ್ನಿ,
ವಾಸನೆಗೇ ಓಕರಿಕೆ.
ಸ್ಟೆತಾಸ್ಕೋಪ್ ಕಸಿದುಕೊಂಡೆ ನಿನ್ನ ಕೊರಳಿಂದ.
ಮೊದಲ ಕಾಲು ನಿಮಿಷ ಹದಿನಾರು, ನಿಜ, ನೀನು ಸುಳ್ಳಲ್ಲ.
ಆಮೇಲೆ ಒಂದು. ಬಿಡುವು.
ಇನ್ನೊಂದು. ದೊಡ್ಡ ಬಿಡುವು;
ಆ ಬಿಡುವಿನೊಳಗೆ ಫ್ಯಾನಿನ ಕಿರ್ರು,
ಹೊರಗೆ ಹಾಲಿನವನ ಸೈಕಲ್ಲು,
ನನ್ನದೇ ಎದೆ.
ಅರವತ್ತನೇ ಸೆಕೆಂಡಿಗೆ ನಲವತ್ತೆಂಟು.

ಮಾತ್ರೆ ಡಬ್ಬಿಗೆ ಮರಳಿತು.
ಡಾಕ್ಟರನ್ನು ಎಬ್ಬಿಸಿದೆ, ಅವರು ಗೊಣಗಿದರು,
ಬಣ್ಣದ ಮಾತು ಕೇಳಿದ್ದೇ ಗೊಣಗು ನಿಲ್ಲಿಸಿ
ರಕ್ತ ತೆಗೀರಿ, ಪೊಟ್ಯಾಶಿಯಂ ನೋಡ್ರಿ, ಇಸಿಜಿ ಹಚ್ರಿ ಎಂದರು.
ಆರರ ಮನೆಯಲ್ಲಿ ನನ್ನ ಸಹಿಗೆ ಕೆಂಪು ಸುತ್ತು ಹಾಕಿದೆ.
ಕೊಡದೆ ಬಿಟ್ಟದ್ದನ್ನು ಬರೆಯುವ ರೀತಿ ಅದು.
ನಿನ್ನ ಕೈ ನಡುಗುತ್ತಿತ್ತು. ನನ್ನದು ಜೇಬಿನಲ್ಲಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ನಿನ್ನನ್ನು
ಹನ್ನೊಂದನೇ ಮಂಚದ ಮುಂದೆ ನಿಲ್ಲಿಸಿ ಕೇಳುತ್ತೇನೆ:
ಯಾವ ಬಣ್ಣ?
ಮೊದಲ ದಿನ ಹಸಿರು. ಮರುದಿನ ಗೊತ್ತಾಗವಲ್ದು.
ಇವತ್ತು ಕಣ್ಣು ಕಿರಿದು ಮಾಡಿ, ಬಗ್ಗಿ,
ಅಂಚಿನ ದಾರವನ್ನು ಉಗುರಿನಿಂದ ಗೀರಿ ನೋಡಿ:
"ನೀಲಿನ ಐತ್ರಿ.
ಆದರ ಹೊಲಿಗಿ ನಮ್ಮೂರದಲ್ಲ. ಸೊಟ್ಟ ಐತಿ."

ನಗಬೇಡ. ಕಿವಿಗೆ ಹಾಕಿಕೋ.
ಒಂದು...