ವಚನದೋಷ

ಕ್ಯೂರಿಂಗ್ ವರ್ಕ್ಸಿನ ಉದ್ದ ಮೇಜಿಗೆ
ಎದುರುಬದುರು ಕೂತು ಹದಿನೇಳು ವರ್ಷ.
ಎಮಿಲ್ಡಾ ಆ ಕಡೆ, ನಾನು ಈ ಕಡೆ,
ನಡುವೆ ಬೀಜದ ರಾಶಿ.
ಅವಳ ಮನೆಮಾತು ಕೊಂಕಣಿ, ನನ್ನದು ಬ್ಯಾರಿ.
ದೇವರ ವಿಷಯಕ್ಕೆ ಜಗಳವಾಡಲು
ಇಬ್ಬರಿಗೂ ಇದ್ದದ್ದು ಕನ್ನಡವೊಂದೇ.

ಕಪ್ಪಾದದ್ದು ಇತ್ತ, ಒಡೆದದ್ದು ಅತ್ತ,
ಹುಳ ಕೊರೆದದ್ದು ಕಾಲ ಬಳಿಯ ಬುಟ್ಟಿಗೆ.
ಒಂದು ಹಣ್ಣಿಗೆ ಎರಡು ಬೀಜ,
ಹೊಟ್ಟೆಗೆ ಹೊಟ್ಟೆ ಒತ್ತಿ ಮಲಗಿದ ಅವಳಿಗಳು,
ಅದು ವಾಡಿಕೆ.
ಅಪರೂಪಕ್ಕೊಂದು ಒಂಟಿ ಬರುತ್ತದೆ, ದುಂಡಗೆ,
ಬಟಾಣಿಯ ಹಾಗೆ ಬೆರಳಿನಿಂದ ಜಾರುತ್ತದೆ.
ಪೀಬೆರಿ. ಅದಕ್ಕೆ ರೇಟು ಹೆಚ್ಚು.

"ತಗೋ, ನಿನ್ನ ದೇವರು" ಎಂದಳು ಒಂದು ದಿನ
ಪೀಬೆರಿಯನ್ನು ನನ್ನತ್ತ ಉರುಳಿಸಿ.
ಹಿಡಿದೆ. ಖುಷಿಯೇ ಆಯಿತು.
ಊಟದ ಹೊತ್ತಿಗೆ ಯೋಚನೆ ಬಂತು:
ಇದಕ್ಕೂ ಸಿಪ್ಪೆಯಿತ್ತು, ಇದನ್ನೂ ಒಂದು ಗಿಡ ಹೆತ್ತಿತ್ತು,
ನೆಟ್ಟರೆ ಇದೂ ಹೆರುತ್ತದೆ.
ಅವನು ಯಾರನ್ನೂ ಹೆತ್ತಿಲ್ಲ, ಅವನನ್ನು ಯಾರೂ ಹೆತ್ತಿಲ್ಲ.
ವಾಪಸ್ ಉರುಳಿಸಿದೆ.

ಸೋಮವಾರ ಕರ್ಚೀಫಿನಲ್ಲಿ ಸುತ್ತಿ ತಂದಳು
ಆಲ್ದೂರಿನ ಅಣ್ಣನ ತೋಟದ ಹಣ್ಣೊಂದನ್ನು.
ಉಗುರಿನಲ್ಲಿ ಸೀಳಿದರೆ ಒಳಗೆ ಮೂರು ಬೀಜ!
"ಬೀಜ ಎಣಿಸು" ಎಂದೆ ನಾನು.
"ಹಣ್ಣು ಎಣಿಸು" ಎಂದಳು ಅವಳು.
ಮರುವಾರ ಅವಳೇ ಮುಖ ಸಣ್ಣ ಮಾಡಿಕೊಂಡು ಬಂದಳು:
ಪಾದ್ರಿಗಳು ಗದರಿಸಿದರಂತೆ,
ದೇವರು ಮೂರು ತುಂಡಲ್ಲ ಕಣಮ್ಮ,
ಒಬ್ಬೊಬ್ಬರಲ್ಲೂ ಇಡೀ ದೇವರೇ.
"ಹಾಗಾದರೆ ಲೆಕ್ಕ ಹೇಗೆ?"
"ಲೆಕ್ಕಕ್ಕೆ ಸಿಗುವಂತಿದ್ದರೆ
ನಮ್ಮ ಮೇಸ್ತ್ರಿ ಇಷ್ಟು ಹೊತ್ತಿಗೆ ತೂಕ ಹಾಕುತ್ತಿರಲಿಲ್ಲವೆ?"
ಆ ಮೂರು ಬೀಜ ಯಾವ ಗ್ರೇಡಿಗೆ ಎಂದು ಅವನನ್ನೇ ಕೇಳಿದೆವು.
ಸೊಟ್ಟಗಿವೆ, ಚೂರಿಗೆ ಹಾಕಿ ಎಂದ.

ಆ ಮಾರ್ಚಿನಲ್ಲಿ ಕೈಮರದ ತಿರುವಿನಲ್ಲಿ
ಅವಳ ನೆವಿಲ್‌ನ ಬೈಕು, ಮರದ ದಿಮ್ಮಿಯ ಲಾರಿ.
ಇಪ್ಪತ್ತೆರಡು.

ತಿಂಗಳ ಪೂಜೆ ಮುಗಿಸಿ ಮೇಜಿಗೆ ಬಂದಳು.
ತಲೆ ಎತ್ತದೆ ಆರಿಸಿದಳು, ಮಧ್ಯಾಹ್ನದವರೆಗೆ.
ಆಮೇಲೆ, "ಮೈಮೂನಾ,
ಮಗನನ್ನು ಕಳೆದುಕೊಂಡ ತಂದೆಯ ಮುಂದೆ ನಾನು ಅಳಬಲ್ಲೆ.
ಮಗನೇ ಇಲ್ಲದವನಿಗೆ
ನೀನಾದರೆ ಏನಂತ ಹೇಳುತ್ತಿದ್ದೆ?"

ಉತ್ತರ ನಾಲಿಗೆಯ ಮೇಲೇ ಇತ್ತು.
ಕಣ್ಣು ಮಾಡಿದವನಿಗೆ
ಕಣ್ಣೀರು ತಿಳಿಯಲು ಅಳಬೇಕಾಗಿಲ್ಲ,
ಅವನಿಗೆ ತೂಕಡಿಕೆಯೂ ಇಲ್ಲ,
ಕೊರಳ ನರಕ್ಕಿಂತ ಹತ್ತಿರ ಇದ್ದಾನೆ.
ಹೇಳಲಿಲ್ಲ.
ರಾತ್ರಿ ಮಗ್ಗುಲು ಬದಲಿಸುತ್ತ ಇನ್ನೊಂದು ಹೊಳೆಯಿತು:
ದೇವರೇ ಸಮಾಧಿಯಲ್ಲಿ ಮಲಗಿದ ಆ ದಿನಗಳಲ್ಲಿ
ಎದೆಗಳನ್ನು ಬಡಿಸುತ್ತಿದ್ದವರು ಯಾರು?
ಅದನ್ನೂ ಹೇಳಲಿಲ್ಲ.
ನನಗೆ ಸಾಯಲಾರದವನು ಬೇಕು.
ಅವಳಿಗೆ, ಸತ್ತು ನೋಡಿದವನು.

ಹೇಳಿದ್ದು ಬೇರೆಯೇ.
ನಮ್ಮ ಮರ್ಯಮ್ ಒಬ್ಬಳೇ ದೂರ ಹೋದದ್ದು,
ಹೆರಿಗೆ ನೋವಿಗೆ ಖರ್ಜೂರದ ಕಾಂಡವನ್ನು ತಬ್ಬಿದ್ದು,
ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಿತ್ತು ಎಂದದ್ದು,
ಕಾಲ ಕೆಳಗಿಂದ ನೀರು ಬಂದದ್ದು.
"ಹಾಗೆಂದಳಾ? ಮರಿಯಮ್ಮ?
ನಮ್ಮಲ್ಲಿ ಅವಳ ನೋವಿನ ಸುದ್ದಿಯೇ ಇಲ್ಲ."
ಇನ್ನೊಮ್ಮೆ ಹೇಳು ಎಂದಳು.
ಮೂರು ಸಲ ಹೇಳಿಸಿದಳು.

ಈಗ ಮೊನ್ನೆಯ ಮಾತು.
ಬುತ್ತಿಗೆ ಸುತ್ತಿದ್ದು ನನ್ನ ಶಮ್ಲಾಳ ಕನ್ನಡ ಪರೀಕ್ಷೆಯ ಹಾಳೆ,
ಪತ್ರೊಡೆಯ ಎಣ್ಣೆ ಹೀರಿಕೊಂಡಿತ್ತು.
ಎಮಿಲ್ಡಾ ಬಿಡಿಸಿ ಓದಿದಳು:
"ದೇವರು ಇದ್ದಾನೆ."
ಕೆಳಗೆ ಟೀಚರ ಕೆಂಪು ಗೆರೆ, ವಚನದೋಷ:
ದೇವರು ಎಂದರೆ ಇದ್ದಾರೆ ಎನ್ನಬೇಕು.
"ಹುಟ್ಟಿದಾಗಿನಿಂದ ನಾನೂ ಹೀಗೇ ಅನ್ನುತ್ತೇನಲ್ಲೇ" ಎಂದಳು,
"ನಾನೂ."
ನೆವಿಲ್ ಹೋದ ಮೇಲೆ ಮೊದಲ ಸಲ ನಕ್ಕಳು,
ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅರ್ಧ ಅಂಕ ಕಳೆದಿದ್ದರು.
ಸೈರನ್ ಆಯಿತು.
ಮೇಜಿನ ಮೇಲೆ ಇನ್ನೊಂದು ಮೂಟೆ ಸುರಿದರು.